ಕಡಲು ಮನೆಗೆ ಬರುವ ಮುನ್ನ ಏನು ಕೊಳ್ಳಬೇಕು?

‘ನಿಮೋ ಬೇಕು’ ಎಂದು ಮಗು ಹಟ ಹಿಡಿದ ಮನೆಗಳಿಂದ ನನಗೆ ಆಗಾಗ ಫೋನ್ ಬರುತ್ತದೆ. ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಯಾವ ಲೈಟ್ ತಗೊಳ್ಳೋದು?’ ತಪ್ಪೇನಿಲ್ಲ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಕಣ್ಣು ಸೆಳೆಯುವುದು ಆ ನೀಲಿ ಬೆಳಕೇ. ನಾನು ಮಾತ್ರ ಮರುಪ್ರಶ್ನೆ ಹಾಕುತ್ತೇನೆ: ‘ನಿಮ್ಮ ಮನೆಗೆ ಯಾವ ನೀರು ಬರುತ್ತದೆ? ಕಾವೇರಿಯೋ, ಬೋರ್‌ವೆಲ್ಲೋ?’ ಆ ಕಡೆ ಒಂದು ಗಳಿಗೆ ಮೌನ. ಇದೇನು ಮೀನಿನ ವಿಷಯ ಕೇಳಿದರೆ ನಲ್ಲಿಯ ವಿಷಯಕ್ಕೆ ಬಂದರಲ್ಲ ಎಂದು ಅವರಿಗೆ ಅನ್ನಿಸುತ್ತದೆ.

ಬೆಂಗಳೂರಿನ ನಮ್ಮ ಮನೆಯ ಹಜಾರದಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು ಕೆಲವು ವರ್ಷಗಳಾದವು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 250 ಲೀಟರ್ ಹಿಡಿಯುತ್ತದೆ. ಗೋಲ್ಡ್ ಫಿಶ್ ಸಾಕುವುದಕ್ಕೂ ಹವಳದ ದಿಬ್ಬದ ಮೀನು ಸಾಕುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಉಪ್ಪಲ್ಲ, ಖರ್ಚಿನ ಸರದಿ. ಯಾವುದನ್ನು ಮೊದಲು ಕೊಳ್ಳಬೇಕು, ಯಾವುದನ್ನು ಆರು ತಿಂಗಳು ತಡೆದು ಕೊಳ್ಳಬೇಕು, ಯಾವುದನ್ನು ಕೊಳ್ಳಲೇಬಾರದು ಎಂಬುದು ಗೊತ್ತಿದ್ದರೆ ಮಧ್ಯಮ ವರ್ಗದ ಮನೆಯೂ ಇದನ್ನು ನಿಭಾಯಿಸಬಹುದು. ಸರದಿ ತಪ್ಪಿದರೆ ದುಡ್ಡು ಹೋಗುವುದು ಒಂದು, ಮೀನು ಸಾಯುವುದು ಇನ್ನೊಂದು. ಮಕ್ಕಳಿರುವ ಮನೆಯಲ್ಲಿ ಎರಡನೆಯದರ ನೋವೇ ಹೆಚ್ಚು.

ಈ ಹವ್ಯಾಸದ ಮೊತ್ತಮೊದಲ ‘ಉಪಕರಣ’ ಯಾವುದು ಗೊತ್ತೇ? ಮನೆಗೆಲಸದ ಹೆಣ್ಣುಮಗಳೊಬ್ಬಳ ತೋಳು. ಇಂಗ್ಲೆಂಡಿನಲ್ಲಿ ಆನಾ ಥಿನ್ ಎಂಬ ಮಹಿಳೆ 1846ರಲ್ಲಿ ಟಾರ್ಕೀ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದರು. ವಿದ್ಯುತ್ತಿಲ್ಲ, ಪಂಪಿಲ್ಲ. ಪ್ರತಿದಿನ ತೆರೆದ ಕಿಟಕಿಯ ಮುಂದೆ ನಿಂತು ಆ ಕಡಲ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಮುಕ್ಕಾಲು ಗಂಟೆಯವರೆಗೂ ಸುರಿಯಬೇಕಿತ್ತು. ಬಿಸಿ ಕಾಫಿಯನ್ನು ನಾವು ಲೋಟದಿಂದ ಬಟ್ಟಲಿಗೆ ಎತ್ತಿ ಸುರಿಯುತ್ತೇವಲ್ಲ, ಹಾಗೆ. ಗಾಳಿ ಬೆರೆತ ನೀರಿನಲ್ಲಿ ಹವಳ ಬದುಕಿತು. ಮರುವರ್ಷ ಅವರು ಕಡಲ ಸಸ್ಯಗಳನ್ನೂ ಅದರಲ್ಲಿ ಸೇರಿಸಿದರು. ‘ಅಕ್ವೇರಿಯಂ’ ಎಂಬ ಹೆಸರನ್ನು ಫಿಲಿಪ್ ಗಾಸ್ ತಮ್ಮ ಪುಸ್ತಕದಿಂದ ಮನೆಮಾತು ಮಾಡಿದ್ದು ಆ ಮೇಲೆ, 1854ರಲ್ಲಿ.

ಆ ಕಥೆ ನನಗೆ ಇಷ್ಟ. ಏಕೆಂದರೆ ಉಪ್ಪುನೀರಿಗೆ ಬೇಕಾದದ್ದು ಏನೆಂದು ಅದು ನೇರವಾಗಿ ಹೇಳುತ್ತದೆ: ಒಳ್ಳೆಯ ನೀರು, ಅದರಲ್ಲಿ ಚಲನೆ. ಉಳಿದದ್ದೆಲ್ಲ ಅದರ ಮೇಲಿನ ಒಗ್ಗರಣೆ.

ಬದಲಾಯಿಸಲಾಗದ್ದು ಮೊದಲು

ನನ್ನ ಲೆಕ್ಕ ಸರಳ. ನೀರು ತುಂಬಿದ ಮೇಲೆ ಬದಲಾಯಿಸಲು ಆಗದ ವಸ್ತುಗಳಿಗೆ ಮೊದಲು ಹಣ ಹಾಕಬೇಕು. ಲೈಟನ್ನು ಯಾವಾಗ ಬೇಕಾದರೂ ಬಿಚ್ಚಿ ಹೊಸದು ಹಾಕಬಹುದು. ಗಾಜಿನ ತೊಟ್ಟಿ, ಅದರ ಸ್ಟ್ಯಾಂಡು, ಇಡುವ ಜಾಗ, ಗೋಡೆಯ ವೈರಿಂಗು, ಇವನ್ನು ಹಾಗೆ ಬದಲಾಯಿಸಲಾಗದು.

ತೂಕವನ್ನೇ ನೋಡಿ. 250 ಲೀಟರ್ ಕಡಲ ನೀರೆಂದರೆ 255 ಕಿಲೋಗಿಂತ ಹೆಚ್ಚು. ಅದರ ಮೇಲೆ ಗಾಜು, ಕಲ್ಲು, ಮರಳು, ಸ್ಟ್ಯಾಂಡು. ಎಲ್ಲ ಸೇರಿ ನಾಲ್ಕು ಕ್ವಿಂಟಾಲಿನ ಹತ್ತಿರ ಬರುತ್ತದೆ. ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ಮಾತಲ್ಲ. ಅಪಾರ್ಟ್‌ಮೆಂಟಾದರೆ ಹಜಾರದ ನಡುವೆ ಬೇಡ. ಗೋಡೆಗೆ ಒತ್ತಿ, ಸಾಧ್ಯವಾದರೆ ತೊಲೆ ಹಾದುಹೋಗುವ ಕಡೆ ಇಡಿ. ಬಿಸಿಲು ನೇರವಾಗಿ ಬೀಳುವ ಕಿಟಕಿಯಿಂದ ದೂರ. ಆನಾ ಥಿನ್ನರಿಗೆ ಇಂಗ್ಲೆಂಡಿನ ಕಿಟಕಿ ಸರಿಹೋಯಿತು, ನಮ್ಮ ಏಪ್ರಿಲ್ ಬಿಸಿಲಿನ ಕಿಟಕಿ ಮೀನನ್ನು ಬೇಯಿಸುತ್ತದೆ.

‘ಚಿಕ್ಕದರಿಂದ ಶುರುಮಾಡೋಣ’ ಎಂಬ ಆಸೆ ಎಲ್ಲರಿಗೂ. ಇಲ್ಲಿ ಅದು ತಿರುವುಮುರುವು. ನೀರು ಕಡಿಮೆಯಾದಷ್ಟೂ ಅದರ ಗುಣ ಬೇಗ ಕೆಡುತ್ತದೆ. ಒಂದು ಲೋಟ ಸಾರಿಗೆ ಒಂದು ಚಮಚ ಉಪ್ಪು ಹೆಚ್ಚಾದರೆ ಕುಡಿಯಲಾಗದು, ಒಂದು ಕೊಳದಪ್ಪಲೆಗೆ ಹೆಚ್ಚಾದರೆ ಯಾರಿಗೂ ಗೊತ್ತಾಗದು. ಹೊಸಬರು 150ರಿಂದ 250 ಲೀಟರಿನೊಳಗೆ ಆರಿಸಿಕೊಂಡರೆ ಕ್ಷೇಮ.

ತೊಟ್ಟಿಯ ಕೆಳಗೆ ಇನ್ನೊಂದು ಸಣ್ಣ ಗಾಜಿನ ತೊಟ್ಟಿ ಇಡುವ ಪದ್ಧತಿ ಇದೆ. ಅದಕ್ಕೆ ‘ಸಂಪ್’ ಎನ್ನುತ್ತಾರೆ. (ನಮ್ಮ ಮನೆಗೆ ಬಂದ ಪ್ಲಂಬರ್ ಅಂಗಳದ ಸಂಪಿಗೂ ಇದಕ್ಕೂ ಪೈಪ್ ಎಳೆಯಬೇಕೇ ಎಂದು ಕೇಳಿದ್ದ!) ಮೇಲಿನಿಂದ ನೀರು ತುಳುಕಿ ಕೆಳಗಿಳಿಯುತ್ತದೆ, ಪಂಪು ಅದನ್ನು ಮತ್ತೆ ಮೇಲೇರಿಸುತ್ತದೆ. ಹೀಟರ್, ಫಿಲ್ಟರ್ ಎಲ್ಲ ಕಣ್ಣಿಗೆ ಕಾಣದಂತೆ ಅಲ್ಲಿರುತ್ತವೆ. ಸಂಪ್ ಬೇಕಾದರೆ ಗಾಜಿಗೆ ತೂತು ಕೊರೆಸುವ ಕೆಲಸ ಮೊದಲೇ ಆಗಬೇಕು. ನೀರು ತುಂಬಿದ ಮೇಲೆ ಡ್ರಿಲ್ ಹಿಡಿದು ಬರುವವರಿಲ್ಲ. ಕರೆಂಟು ಹೋದಾಗ ಮೇಲಿನ ನೀರು ಸ್ವಲ್ಪ ಕೆಳಗಿಳಿಯುತ್ತದೆ, ಅಷ್ಟನ್ನು ಹಿಡಿಯುವ ಖಾಲಿ ಜಾಗ ಸಂಪಿನಲ್ಲಿ ಇರಲಿ. ಇಲ್ಲವಾದರೆ ಆ ನೀರು ನಿಮ್ಮ ಸೋಫಾದ ಕೆಳಗೆ ಸಿಗುತ್ತದೆ.

ಇನ್ನು ವೈರಿಂಗು. ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಉಪ್ಪುನೀರು ವಿದ್ಯುತ್ತಿಗೆ ರಾಜಮಾರ್ಗ. ತೊಟ್ಟಿಯ ಸಾಲಿಗೆ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಇರಲೇಬೇಕು. ಸೋರಿಕೆ ಕಂಡ ಕೂಡಲೇ ಅದು ಕರೆಂಟನ್ನು ಕಡಿಯುತ್ತದೆ. ಪ್ಲಗ್ಗು ತೊಟ್ಟಿಯ ಕೆಳಗೆ ನೆಲದ ಮೇಲೆ ಬೇಡ. ಪ್ರತಿ ವೈರೂ ಪ್ಲಗ್ಗಿಗೆ ಸೇರುವ ಮುನ್ನ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರಬೇಕು. ಆಗ ವೈರಿನ ಮೇಲೆ ಹರಿದು ಬಂದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಮಕ್ಕಳು ತೊಟ್ಟಿಗೆ ಕೈಹಾಕಬೇಕಾದರೆ ದೊಡ್ಡವರು ಸ್ವಿಚ್ ಆರಿಸಿದ ಮೇಲೆಯೇ. ಎಲೆಕ್ಟ್ರಿಷಿಯನ್ನಿಗೆ ಕೊಡುವ ದುಡ್ಡನ್ನು ಮೀನಿನ ಖರ್ಚೆಂದೇ ಬರೆದುಕೊಳ್ಳಿ.

ನಲ್ಲಿಯ ನೀರಿನ ನ್ಯಾಯ

ಈಗ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಬೋರ್‌ವೆಲ್ ನೀರಿನಲ್ಲಿ ಕರಗಿದ ಲವಣಗಳು ಹೇರಳ, ಹಲವು ಕಡೆ ನೈಟ್ರೇಟ್ ಕೂಡ. ಹಳೆಯ ಹಿತ್ತಾಳೆ ನಲ್ಲಿಯಿಂದ ಬಿಡುವ ತಾಮ್ರದ ಅಂಶ ನಮಗೆ ಏನೂ ಮಾಡದಿರಬಹುದು, ಸಿಗಡಿಗೆ ಅದು ವಿಷ. ಆದ್ದರಿಂದ ನನ್ನ ಪ್ರಕಾರ ಲೈಟಿಗಿಂತ, ಸ್ಕಿಮ್ಮರಿಗಿಂತ, ಮೀನಿಗಿಂತ ಮೊದಲು ಕೊಳ್ಳಬೇಕಾದದ್ದು ಆರ್.ಓ. ಮತ್ತು ಡಿ.ಐ. ಶುದ್ಧೀಕರಣ ಯಂತ್ರ. ಅಡುಗೆಮನೆಯ ಆರ್.ಓ. ಸಾಲದೇ ಎಂದು ಕೇಳುತ್ತಾರೆ. ಅದರಿಂದ ಬರುವ ನೀರಿನಲ್ಲೂ ಲವಣ ಉಳಿದಿರುತ್ತದೆ, ಎಷ್ಟೋ ಯಂತ್ರಗಳು ಕುಡಿಯಲು ರುಚಿಯಾಗಲೆಂದು ಖನಿಜವನ್ನು ಮತ್ತೆ ಸೇರಿಸುತ್ತವೆ. ಡಿ.ಐ. ಎಂಬ ರಾಳದ ಕೊಳವೆಯನ್ನು ದಾಟಿ ಬಂದ ನೀರಿನ ಟಿ.ಡಿ.ಎಸ್. ಮೀಟರ್ ಸೊನ್ನೆ ತೋರಿಸಬೇಕು. ಆ ಸೊನ್ನೆಯಿಂದ ನಾವು ಕಡಲನ್ನು ಕಟ್ಟುತ್ತೇವೆ.

ಆರ್.ಓ. ಯಂತ್ರ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರನ್ನು ಹೊರಗೆ ಚೆಲ್ಲುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಕೊಡ ಹಿಡಿದು ನಿಂತದ್ದನ್ನು ಕಂಡವರಿಗೆ ಇದು ಚುಚ್ಚುತ್ತದೆ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಅದಕ್ಕೆ ಒಪ್ಪದ ಮನೆಯಲ್ಲಿ ಈ ತೊಟ್ಟಿ ಬೇಡವೆಂದೇ ನನ್ನ ಅಭಿಪ್ರಾಯ.

‘ಮಲ್ಪೆಗೆ ಹೋದಾಗ ನಾಲ್ಕು ಕ್ಯಾನ್ ಸಮುದ್ರದ ನೀರು ತಂದರಾಗದೇ?’ ಇದು ಎರಡನೆಯ ಪ್ರಶ್ನೆ. ದಡದ ನೀರಿನಲ್ಲಿ ದೋಣಿಯ ಎಣ್ಣೆ, ಊರಿನ ಕೊಳೆ ಇರುತ್ತವೆ. ನದಿ ಸೇರುವ ಕಡೆಯಾದರೆ ಉಪ್ಪಿನ ಪ್ರಮಾಣವೂ ಮಳೆಗಾಲಕ್ಕೊಂದು, ಬೇಸಿಗೆಗೊಂದು. ‘ಅಡುಗೆ ಉಪ್ಪು?’ ಅದೂ ಆಗದು. ಕಡಲ ನೀರಿನ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸುಮಾರು ನೂರಕ್ಕೆ 85ರಷ್ಟು. ಮಿಕ್ಕದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು. ಎಲ್ಲವನ್ನೂ ಹದವಾಗಿ ಬೆರೆಸಿದ ಅಕ್ವೇರಿಯಂ ಉಪ್ಪು ಸಿಗುತ್ತದೆ, ಅದನ್ನೇ ತರಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣ ನಮ್ಮ ಗುರಿ.

ಆ 35ನ್ನು ಅಳೆಯುವುದು ಹೇಗೆ? ರಿಫ್ರಾಕ್ಟೋಮೀಟರ್ ಎಂಬ ಪುಟ್ಟ ದುರ್ಬೀನಿನಂಥ ಸಾಧನದಿಂದ. ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದು ನೋಡಿದರೆ ಗೆರೆ ಎಲ್ಲಿದೆ ಎಂದು ಕಾಣುತ್ತದೆ. ನನ್ನ ಮಗಳಿಗೆ ಇಡೀ ತೊಟ್ಟಿಯಲ್ಲಿ ಬಲು ಇಷ್ಟದ ವಸ್ತು ಇದೇ, ಮೀನಿಗಿಂತ ಇದರದ್ದೇ ಜಂಬ. ಇದರ ಜೊತೆಗೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿ.ಎಚ್. ನೋಡುವ ಟೆಸ್ಟ್ ಕಿಟ್. ಇವು ತೊಟ್ಟಿಯ ಅಂದವನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಅದಕ್ಕೇ ಜನ ಇವನ್ನು ಮುಂದೂಡುತ್ತಾರೆ.

ನೀರು, ಉಪ್ಪು, ಮರಳು, ಕಲ್ಲು ಹಾಕಿ ಪಂಪು ತಿರುಗಿಸಿದ ಮೇಲೆ ನಾಲ್ಕರಿಂದ ಆರು ವಾರ ಕಾಯಬೇಕು. ಮೀನಿನ ಕಸ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಮತ್ತೊಂದು ಬಗೆಯದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಕಣ್ಣಿಗೆ ಕಾಣದ ಕೆಲಸಗಾರರು ಕಲ್ಲಿನ ಸಂದುಗಳಲ್ಲಿ ಮನೆಮಾಡಿಕೊಳ್ಳಲು ಸಮಯ ಬೇಕು. ಹಾಲಿಗೆ ಹೆಪ್ಪು ಹಾಕಿ ಐದು ನಿಮಿಷಕ್ಕೆ ಮೊಸರು ಕೇಳಿದರೆ ಸಿಗುವುದೇ? ಖಾಲಿ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತ, ಎರಡು ಮೂರು ದಿನಕ್ಕೊಮ್ಮೆ ಪರೀಕ್ಷಿಸುತ್ತ ಇರಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಎಂದು ಬಣ್ಣ ಹೇಳಿದ ದಿನ ಮೀನಿನ ಅಂಗಡಿಗೆ ಹೋಗಬಹುದು. ‘ಇವತ್ತೇ ಮೀನು ಬಿಡಿ, ಈ ಬಾಟಲಿ ಸುರಿದರೆ ಸಾಕು’ ಎಂದವರ ಮಾತು ನಂಬಿ ಒಂದೇ ವಾರದಲ್ಲಿ ನಾಲ್ಕು ಮೀನು ಕಳೆದುಕೊಂಡ ಮನೆಯೊಂದನ್ನು ನಾನು ಬಲ್ಲೆ. ಅಲ್ಲಿನ ಹುಡುಗ ಆಮೇಲೆ ತೊಟ್ಟಿಯ ಹತ್ತಿರವೇ ಬರಲಿಲ್ಲ.

ಅಲೆ, ಸೆಕೆ, ಕರೆಂಟು

ನೀರಾಯಿತು, ಇನ್ನು ಚಲನೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ ಕಡಲ ನೀರು ಹಿಡಿಯುವುದು 7ಕ್ಕಿಂತಲೂ ಕಡಿಮೆ. ಆದ್ದರಿಂದ ವೇವ್‌ಮೇಕರ್ ಎಂಬ ಪುಟ್ಟ ಫ್ಯಾನಿನಂಥ ಪಂಪು ಶೋಕಿಯಲ್ಲ. ಒಂದು ದೊಡ್ಡದರ ಬದಲು ಎರಡು ಚಿಕ್ಕವನ್ನು ಎದುರುಬದುರು ಹಾಕಿ. ಒಂದು ಕೆಟ್ಟರೂ ಇನ್ನೊಂದು ತಿರುಗುತ್ತಿರುತ್ತದೆ. ಹೀಟರಿಗೂ ಇದೇ ಮಾತು. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಹೀಟರ್ ಬೇಕೇಬೇಕು. ಆದರೆ ಒಂದೇ ದೊಡ್ಡ ಹೀಟರಿನ ಸ್ವಿಚ್ಚು ಒಳಗೇ ಸಿಕ್ಕಿಕೊಂಡರೆ ಬೆಳಗಾಗುವುದರೊಳಗೆ ಮೀನು ಸಾರಾಗಿರುತ್ತದೆ.

ಹೀಟರಿಗಿಂತ ನಮ್ಮ ದೊಡ್ಡ ತಲೆನೋವು ಸೆಕೆ. ತೊಟ್ಟಿ 25-26 ಡಿಗ್ರಿಯಲ್ಲಿ ಇರಬೇಕು. ಪಂಪು, ಲೈಟುಗಳ ಬಿಸಿ ಬೇರೆ ಸೇರುತ್ತದೆ. ಬೆಂಗಳೂರು, ಮೈಸೂರಿನ ಒಣ ಹವೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಮಡಕೆ ನೀರು ತಣ್ಣಗಾಗುವ ಅದೇ ನ್ಯಾಯ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಮಡಕೆಯೂ ಸೋಲುತ್ತದೆ, ಫ್ಯಾನೂ ಸೋಲುತ್ತದೆ. ಅಲ್ಲಿ ಚಿಲ್ಲರ್‌ಗೆ ದುಡ್ಡು ಎತ್ತಿಟ್ಟುಕೊಂಡೇ ಶುರುಮಾಡಬೇಕು. ಚಿಲ್ಲರ್ ಎಂದರೆ ಪುಟ್ಟ ಫ್ರಿಜ್ಜು. ಹಿಂದಿನಿಂದ ಬಿಸಿಗಾಳಿ ಬಿಡುತ್ತದೆ, ಮುಚ್ಚಿದ ಕಪಾಟಿನಲ್ಲಿ ಇಡಬೇಡಿ.

ಫ್ಯಾನ್ ಹಾಕಿದರೆ ನೀರು ಆವಿಯಾಗುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. 200 ಲೀಟರಿನಲ್ಲಿ ವಾರಕ್ಕೆ 25 ಲೀಟರ್ ಆವಿಯಾಯಿತು ಎನ್ನಿ. 35 ಇದ್ದ ಉಪ್ಪು 40 ಆಗುತ್ತದೆ. ಮಕ್ಕಳೇ, ಲೆಕ್ಕ ಹಾಕಿ ನೋಡಿ! ಆದ್ದರಿಂದ ದಿನವೂ ಮೇಲಿನಿಂದ ಸೇರಿಸಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು. ರಜೆಗೆ ಊರಿಗೆ ಹೋಗುವ ಮನೆಯವರು ಈ ಕೆಲಸವನ್ನು ತಾನೇ ಮಾಡುವ ಆಟೊ ಟಾಪ್ ಆಫ್ ಸಾಧನವನ್ನು ಲೈಟಿಗಿಂತ ಮೊದಲೇ ಕೊಳ್ಳಲಿ. ನಾನು ಕೊಂಡ ‘ಮುಂದಿನ ಹಂತದ’ ವಸ್ತುಗಳಲ್ಲಿ ನೆಮ್ಮದಿ ಕೊಟ್ಟದ್ದು ಇದೊಂದೇ.

ಕರೆಂಟು ಹೋದರೆ? ಇಡೀ ತೊಟ್ಟಿಯನ್ನು ಇನ್ವರ್ಟರಿಗೆ ಜೋಡಿಸಬೇಡಿ. ಹೀಟರ್, ಚಿಲ್ಲರ್ ಬ್ಯಾಟರಿಯನ್ನು ಕುಡಿದುಬಿಡುತ್ತವೆ. ಒಂದು ವೇವ್‌ಮೇಕರ್ ಮಾತ್ರ ಜೋಡಿಸಿ, ಕೆಲವೇ ವ್ಯಾಟ್ ಸಾಕು, ರಾತ್ರಿಯೆಲ್ಲ ಓಡುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಗಾಳಿಪಂಪು ತಂದಿಟ್ಟುಕೊಳ್ಳಿ.

ಸ್ಕಿಮ್ಮರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮಡ್ಡಿ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಜಾಲರಿ ಸೌಟಿನಲ್ಲಿ ತೆಗೆಯುತ್ತಾರೆ. ಪ್ರೋಟೀನ್ ಸ್ಕಿಮ್ಮರ್ ಬೆಂಕಿಯಿಲ್ಲದೆ ಅದನ್ನೇ ಮಾಡುತ್ತದೆ. ಸಾವಿರಾರು ಪುಟ್ಟ ಗುಳ್ಳೆಗಳನ್ನು ನೀರಿಗೆ ನುಗ್ಗಿಸುತ್ತದೆ, ಜಿಡ್ಡು ಕೊಳೆ ಗುಳ್ಳೆಗೆ ಅಂಟಿ ನೊರೆಯಾಗಿ ಮೇಲಿನ ಬಟ್ಟಲಿಗೆ ಏರುತ್ತದೆ. ಆ ಬಟ್ಟಲಿನ ವಾಸನೆ ಮನೆಮಂದಿಯ ತಾಳ್ಮೆಯ ಪರೀಕ್ಷೆ. ಒಳ್ಳೆಯ ಉಪಕರಣವೇ ಸರಿ. ಆದರೆ ಮೊದಲ ತಿಂಗಳಿಗೆ ಬೇಕಿಲ್ಲ. ಎರಡು ಮೂರು ಸಣ್ಣ ಮೀನಿದ್ದು, ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸುವವರು ಇದಿಲ್ಲದೆಯೂ ನಡೆಸಬಹುದು.

ಅದಕ್ಕೆ ಮೊದಲು ಇನ್ನೊಂದು ಚಿಕ್ಕ, ಬರಿಯ ತೊಟ್ಟಿ ಕೊಳ್ಳಿ. ನಲವತ್ತು ಲೀಟರ್, ಒಂದು ಸ್ಪಂಜ್ ಫಿಲ್ಟರ್, ಮೀನು ಅಡಗಲು ಒಂದು ತುಂಡು ಪೈಪು, ಅಷ್ಟೇ. ಹೊಸ ಮೀನು ನಾಲ್ಕು ವಾರ ಅಲ್ಲಿರಬೇಕು. ಬಿಳಿಚುಕ್ಕೆಯ ಪರಾವಲಂಬಿ ದೊಡ್ಡ ತೊಟ್ಟಿಗೆ ಒಮ್ಮೆ ಹೊಕ್ಕರೆ ಓಡಿಸುವುದು ಬಲುಕಷ್ಟ. ಅದಕ್ಕೆ ಹಾಕುವ ತಾಮ್ರದ ಔಷಧ ಸಿಗಡಿಗಳನ್ನು ಕೊಲ್ಲುತ್ತದೆ.

ಲೈಟಿಗೂ ಕಾಯ್ದೆಗೂ ಏನು ಸಂಬಂಧ?

ಕೊನೆಗೂ ಬೆಳಕಿನ ಮಾತು. ವಿದೇಶದ ವಿಡಿಯೊಗಳಲ್ಲಿ ಕಾಣುವ ಪ್ರಖರ ಲೈಟು, ಕ್ಯಾಲ್ಸಿಯಂ ರಿಯಾಕ್ಟರ್, ಹನಿಹನಿಯಾಗಿ ರಾಸಾಯನಿಕ ಸುರಿಸುವ ಡೋಸಿಂಗ್ ಪಂಪು, ಇವೆಲ್ಲ ಬಹುಮಟ್ಟಿಗೆ ಗಟ್ಟಿ ಹವಳಗಳಿಗಾಗಿ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ಬಿಡಾರ ಹೂಡಿರುತ್ತವೆ. ಪಾಚಿ ಬೆಳಕಿನಿಂದ ಆಹಾರ ಮಾಡಿ ಹವಳಕ್ಕೆ ಬಾಡಿಗೆ ಕೊಡುತ್ತದೆ. ಅದಕ್ಕೇ ಅಷ್ಟು ಬೆಳಕು. ಹವಳ ತನ್ನ ಅಸ್ಥಿಪಂಜರ ಕಟ್ಟಲು ಅಷ್ಟು ಕ್ಯಾಲ್ಸಿಯಂ.

ಆದರೆ ನಮ್ಮ ದೇಶದಲ್ಲಿ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್, ಜೊತೆಗೆ ಕಡಲ ಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲೇ ಸೇರಿವೆ. ಹುಲಿ ಇರುವ ಅನುಸೂಚಿ ಅದು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇದೆ ಎಂದ ಮಾತ್ರಕ್ಕೆ ಮನೆಗೆ ತರಬಹುದೆಂದಲ್ಲ. ಸತ್ತ ಹವಳದ ತುಂಡುಗಳನ್ನು ‘ಲೈವ್ ರಾಕ್’ ಎಂದು ಮಾರುವುದೂ ಇದೇ ಬಲೆಯೊಳಗೆ ಬರುತ್ತದೆ. ಬೇರೆ ಯಾವುದೇ ಮೆದು ಜೀವಿಯ ವಿಷಯದಲ್ಲಿ ಅನುಮಾನ ಬಂದರೆ ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ತನ್ನಿ. ‘ಎಲ್ಲರೂ ಇಡ್ತಾರೆ ಸಾರ್’ ಎಂಬುದು ಉತ್ತರವಲ್ಲ.

ಹಾಗಾದರೆ ಪಟ್ಟಿಯ ಅರ್ಧ ಖರ್ಚು ಅಲ್ಲೇ ಉಳಿಯಿತಲ್ಲ! ನಮ್ಮ ತೊಟ್ಟಿಯಲ್ಲಿರುವುದು ಮನುಷ್ಯರು ಮಾಡಿದ ತೂತುತೂತಿನ ಸೆರಾಮಿಕ್ ಕಲ್ಲು, ಎರಡು ಕ್ಲೌನ್ ಮೀನು, ಮರಳು ಜರಡಿಯಾಡುವ ಒಂದು ಗೋಬಿ, ಮೀನಿನ ಮೈ ಶುಚಿಮಾಡುವ ಎರಡು ಸಿಗಡಿ, ಒಂದಷ್ಟು ಕಡಲಪಾಚಿ. ಇವಕ್ಕೆ ದಿನಕ್ಕೆ ಎಂಟು ಗಂಟೆ ಸಾಧಾರಣ ಎಲ್.ಇ.ಡಿ. ಸಾಕು. ನಿಜವಾದ ಹವಳ ನೋಡುವ ಆಸೆಗೆ ಮುರುಡೇಶ್ವರದಾಚೆ ನೇತ್ರಾಣಿ ದ್ವೀಪವಿದೆ. ಡೈವಿಂಗ್ ಮಾಡಿಸುವವರು ಅಲ್ಲಿಗೆ ಕರೆದೊಯ್ಯುತ್ತಾರೆ.

ಕ್ಲೌನ್ ಮೀನುಗಳನ್ನು ಕೊಳ್ಳುವಾಗ ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನು ಕೇಳಿ ಪಡೆಯಿರಿ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇವುಗಳ ಮರಿಮಾಡುವ ವಿಧಾನವನ್ನು ರೂಢಿಸಿದ್ದಾರೆ. ಹೀಗೆ ಹುಟ್ಟಿದವು ಒಣ ಆಹಾರ ತಿನ್ನಲು ಕಲಿತಿರುತ್ತವೆ, ಗಟ್ಟಿಮುಟ್ಟು. ಅನೆಮನಿ ಇಲ್ಲದೆಯೂ ಹಾಯಾಗಿರುತ್ತವೆ. ಅಂದಹಾಗೆ ಕ್ಲೌನ್ ಮೀನುಗಳೆಲ್ಲ ಮೊದಲು ಗಂಡೇ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಸಿನಿಮಾದ ನಿಮೋನ ಅಪ್ಪ ನಿಜದಲ್ಲಾಗಿದ್ದರೆ ಅಮ್ಮನಾಗಿಬಿಡುತ್ತಿದ್ದ! ಡೋರಿ, ಅಂದರೆ ನೀಲಿ ಟ್ಯಾಂಗ್ ಮೀನನ್ನು ಮಾತ್ರ ಎಷ್ಟೇ ಅತ್ತರೂ ತರಬೇಡಿ. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿದ್ದದ್ದು ಒಂದಡಿಯವರೆಗೆ ಬೆಳೆಯುತ್ತದೆ. ಅದನ್ನು ತೊಟ್ಟಿಯಲ್ಲಿ ಮರಿಮಾಡಿಸಲು ಸಾಧ್ಯವಾದದ್ದೇ 2016ರಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ. ಮಾರಾಟಕ್ಕೆ ಬರುವವು ಹೆಚ್ಚಾಗಿ ಕಡಲಿನಿಂದ ಹಿಡಿದವೇ.

ಮೊಬೈಲಿನಲ್ಲಿ ತೊಟ್ಟಿಯ ತಾಪ ತೋರಿಸುವ ಕಂಟ್ರೋಲರ್, ಬಣ್ಣ ಬದಲಿಸುವ ಮೋಡಸಿಡಿಲಿನ ಲೈಟು, ಇವೆಲ್ಲ ಪಟ್ಟಿಯ ಬಾಲದಲ್ಲಿರಲಿ. ನಾನಂತೂ ಇನ್ನೂ ಕೊಂಡಿಲ್ಲ. ಬಾಗಿಲ ಬಳಿ ನೇತುಹಾಕಿದ ನೋಟುಪುಸ್ತಕದಲ್ಲಿ ಮಗಳು ದಿನವೂ ತಾಪ, ಉಪ್ಪು ಬರೆಯುತ್ತಾಳೆ. ಹವ್ಯಾಸ ಬಿಟ್ಟವರ ಹತ್ತಿರ ಸ್ಕಿಮ್ಮರ್, ಪಂಪು, ಲೈಟು ಅರ್ಧ ಬೆಲೆಗೆ ಸಿಗುತ್ತವೆ. ಪಂಪನ್ನು ಬಕೆಟ್ಟಿನಲ್ಲಿ ಹಾಕಿ ಓಡಿಸಿ ನೋಡಿ ತನ್ನಿ. ಕಲ್ಲು, ಮರಳನ್ನೂ ಕೊಡುತ್ತೇವೆ ಎಂದರೆ ಆ ತೊಟ್ಟಿಗೆ ಯಾವಾಗಲಾದರೂ ತಾಮ್ರದ ಔಷಧ ಹಾಕಿದ್ದಿರಾ ಎಂದು ಕೇಳಿ. ‘ನೆನಪಿಲ್ಲ’ ಎಂದರೆ ಕಲ್ಲು ಮರಳು ಅಲ್ಲೇ ಬಿಟ್ಟು, ಪಂಪು ಮಾತ್ರ ಎತ್ತಿಕೊಂಡು ಬನ್ನಿ.